ಬಾಗಿಲಿನ ಟಿವಿಗೆ ಎರಡನೆಯ ಕೆಲಸ

ಶಿರಸಿ ಸಮೀಪದ ಹಳ್ಳಿಯೊಂದರಲ್ಲಿ ನಮ್ಮ ಬಂಧುಗಳು ಹಳೆಯ ಮನೆಯ ಹಂಚು ಇಳಿಸುವುದಕ್ಕೆ ಮೊದಲು ಅಟ್ಟ ಖಾಲಿ ಮಾಡಿಸಿದರು. ಅಡಿಕೆ ಗೋಣಿಗಳ ಹಿಂದಿನಿಂದ ಹೊರಬಂದ ಸಾಮಾನುಗಳಲ್ಲಿ, ಎರಡು ಬದಿಗೆ ಸರಿಯುವ ಮರದ ಬಾಗಿಲುಗಳಿರುವ, ನಾಲ್ಕು ಕಾಲುಗಳ ಮೇಲೆ ನಿಲ್ಲುವ 20 ಇಂಚಿನ ಕಪ್ಪು-ಬಿಳುಪು ಟಿವಿಯೂ ಒಂದು. ಗುಜರಿಯವನು ಅದನ್ನು ತಕ್ಕಡಿಗೆ ಏರಿಸುವ ಮೊದಲೇ ನಾನು ಕೇಳಿ ಮನೆಗೆ ತಂದುಕೊಂಡೆ. ಅದು ಇಸಿ ಟಿವಿ, ಅಂದರೆ ಹೈದರಾಬಾದಿನ ಇಸಿಐಎಲ್ (ಎಲೆಕ್ಟ್ರಾನಿಕ್ಸ್ ಕಾರ್ಪೊರೇಷನ್ ಆಫ್ ಇಂಡಿಯಾ ಲಿಮಿಟೆಡ್) ತಯಾರಿಸಿದ್ದು. 1967ರಲ್ಲಿ ಅಣುಶಕ್ತಿ ಇಲಾಖೆಯ ಅಡಿಯಲ್ಲಿ ಹುಟ್ಟಿದ ಈ ಸಂಸ್ಥೆ ಅಣು ವಿದ್ಯುತ್ ಸ್ಥಾವರಗಳ ನಿಯಂತ್ರಣ ಉಪಕರಣಗಳನ್ನೂ ಮುಂದೆ ಮತಯಂತ್ರಗಳನ್ನೂ ಮಾಡಿತು. ಕೈಗಾ ಇರುವ ಜಿಲ್ಲೆಯ ಅಟ್ಟದಲ್ಲಿ ಅದರ ಟಿವಿ ಕುಳಿತಿದ್ದುದು ನನಗೆ ಸ್ವಲ್ಪ ತಮಾಷೆಯಾಗಿಯೇ ಕಂಡಿತು.

ಬೆಂಗಳೂರಿನಲ್ಲಿ ದೂರದರ್ಶನ ಕೇಂದ್ರ ಆರಂಭವಾದದ್ದು 1981ರಲ್ಲಿ. ಘಟ್ಟದ ಮೇಲಿನ ನಮ್ಮ ಹಳ್ಳಿಗಳಿಗೆ ಚಿತ್ರ ಬಂದು ಮುಟ್ಟಲು ಮತ್ತಷ್ಟು ಕಾಲ ಬೇಕಾಯಿತು. ಬಂದ ಮೇಲೂ ಗುಡ್ಡ ಅಡ್ಡವಿದ್ದ ಮನೆಗಳವರು ಅಡಿಕೆ ಮರದ ತುದಿಗೆ ಆಂಟೆನಾ ಕಟ್ಟಿ, ಬೂಸ್ಟರ್ ಹಾಕಿ, ಒಬ್ಬರು ಅಂಗಳದಲ್ಲಿ ತಿರುಗಿಸುತ್ತ ಇನ್ನೊಬ್ಬರು ಒಳಗಿನಿಂದ ಕೂಗಿ ಹೇಳುತ್ತ ಬಿಂದುಗಳ ಮಳೆಯ ನಡುವೆ ಮುಖಗಳನ್ನು ಹುಡುಕಬೇಕಾಗಿತ್ತು. 1987ರ ಜನವರಿ 25ರಂದು ರಾಮಾಯಣ ಶುರುವಾದ ಮೇಲಂತೂ ಭಾನುವಾರ ಬೆಳಿಗ್ಗೆ ಇಂಥ ಪೆಟ್ಟಿಗೆ ಇದ್ದ ಮನೆಯ ಜಗಲಿ ಊರಿನ ಜಗಲಿಯೇ ಆಗಿಬಿಡುತ್ತಿತ್ತು.

ತಂದ ದಿನವೇ ಹಲವರು ಕೊಟ್ಟ ಸಲಹೆ, "ಒಮ್ಮೆ ಪ್ಲಗ್ ಹಾಕಿ ನೋಡು" ಎಂಬುದು. ನಾನು ಹಾಕಲಿಲ್ಲ. ವಿದ್ಯುತ್ತನ್ನು ಕೂಡಿಟ್ಟುಕೊಳ್ಳುವ, ದಶಕಗಳ ಕಾಲ ಸುಮ್ಮನಿದ್ದ ಎಲೆಕ್ಟ್ರೊಲಿಟಿಕ್ ಕೆಪಾಸಿಟರುಗಳಿಗೆ ಒಮ್ಮೆಲೇ ಪೂರ್ಣ ವಿದ್ಯುತ್ ಕೊಟ್ಟರೆ ಅವು ಬಿಸಿಯಾಗಿ ಒಡೆಯಬಹುದು. ಆ ಕಾಲದ ಅನೇಕ ಸೆಟ್‌ಗಳಲ್ಲಿ ಚಾಸಿಯೇ, ಅಂದರೆ ಒಳಗಿನ ಲೋಹದ ಚೌಕಟ್ಟೇ, ನೇರವಾಗಿ ಮೇನ್ಸ್‌ಗೆ ಜೋಡಣೆಯಾಗಿರುವುದರಿಂದ, ಪ್ಲಗ್ ತಿರುಗುಮುರುಗಾಗಿ ಕುಳಿತರೆ ಒಳಗಿನ ಲೋಹವನ್ನು ಮುಟ್ಟಿದವನಿಗೆ ಶಾಕ್ ಖಚಿತ. ಅದೂ ಅಲ್ಲದೆ ಹಿಂಬದಿಯ ರಟ್ಟು ತೆಗೆದೊಡನೆ ವಿಷಯ ಇತ್ಯರ್ಥವಾಯಿತು. ಪಿಕ್ಚರ್ ಟ್ಯೂಬಿನ ಕುತ್ತಿಗೆಯ ಬಳಿ ಗಾಜಿನ ಒಳಮೈಗೆ ಬೇರಿಯಂನ ತೆಳುವಾದ ಲೇಪವಿರುತ್ತದೆ. ಒಳಗೆ ಉಳಿದ ಅನಿಲವನ್ನು ಹೀರುವುದು ಅದರ ಕೆಲಸ. ನಿರ್ವಾತ ಸರಿಯಾಗಿರುವವರೆಗೆ ಅದು ಬೆಳ್ಳಿಯಂತೆ ಹೊಳೆಯುತ್ತದೆ, ಗಾಳಿ ಹೊಕ್ಕರೆ ಹಾಲಿನ ಬಿಳುಪಿಗೆ ತಿರುಗುತ್ತದೆ. ಇದರಲ್ಲಿ ಪೂರ್ತಿ ಬೆಳ್ಳಗಾಗಿತ್ತು. ಟ್ಯೂಬ್ ಸತ್ತಿತ್ತು ಎಂಬುದಕ್ಕೆ ಬೇರೆ ಪರೀಕ್ಷೆ ಬೇಕಿರಲಿಲ್ಲ. ಅದು ಜೀವಂತವಾಗಿದ್ದಿದ್ದರೆ ನಾನು ಪೆಟ್ಟಿಗೆಯನ್ನು ಬರಿದು ಮಾಡುತ್ತಿರಲಿಲ್ಲ. ದೂರದರ್ಶನದ ಹಳೆಯ ಅನಲಾಗ್ ಪ್ರಸಾರ 2022ರ ಹೊತ್ತಿಗೆ ಬಹುಪಾಲು ನಿಂತುಹೋಗಿದ್ದರೂ, ಸೆಟ್‌ಟಾಪ್ ಬಾಕ್ಸಿನ ಸಂಕೇತವನ್ನು, ಅದನ್ನು ಹಳೆಯ ಪ್ರಸಾರದ ರೂಪಕ್ಕೆ ತರುವ ಮಾಡ್ಯುಲೇಟರ್ ಮೂಲಕ ಆಂಟೆನಾ ತೂತಿಗೆ ಕೊಟ್ಟರೆ ಇಂಥ ಸೆಟ್ ಇಂದಿಗೂ ಚಿತ್ರ ತೋರಿಸಬಲ್ಲದು. ನಡೆಯಬಲ್ಲ ಟಿವಿಯ ಹೊಟ್ಟೆ ಬಗೆದು ಅಲಂಕಾರದ ಸಾಮಾನು ಮಾಡುವುದು ನನಗೆ ಒಪ್ಪಿಗೆಯಿಲ್ಲದ ಕೆಲಸ.

ಇನ್ನು ಏನು ಮಾಡುವುದು? ಎಲ್ಲರ ಬಾಯಲ್ಲೂ ಮೊದಲು ಬರುವುದು ಮೀನಿನ ತೊಟ್ಟಿ. ಮಳೆಗಾಲದಲ್ಲಿ ಚಪ್ಪಲಿಗೂ ಬೂಷ್ಟು ಹಿಡಿಯುವ ಶಿರಸಿಯಲ್ಲಿ, ಅಂಟು ಬಿಡಲು ಕಾರಣ ಹುಡುಕುತ್ತಿರುವ ಪ್ಲೈವುಡ್ಡಿನೊಳಗೆ ಐವತ್ತು ಲೀಟರ್, ಎಂದರೆ ಐವತ್ತು ಕಿಲೋ ನೀರು ಇಡುವುದು ನನಗೆ ಸರಿ ಕಾಣಲಿಲ್ಲ. ನಮ್ಮ ಮನೆಯಲ್ಲಿ ನಿಜವಾಗಿ ಜಾಗ ಬೇಕಿದ್ದದ್ದು ತಂದೆಯವರು ಕೂಡಿಟ್ಟ ತಾಳಮದ್ದಲೆಯ (ವೇಷ, ಕುಣಿತವಿಲ್ಲದೆ ಹಾಡು-ಮಾತಿನಲ್ಲೇ ನಡೆಯುವ ಯಕ್ಷಗಾನದ) ಕ್ಯಾಸೆಟ್ಟುಗಳಿಗೆ. ಅವನ್ನು ಇಡುವ ಮತ್ತು ನುಡಿಸುವ ಕಪಾಟಾಗಲಿ ಎಂದು ನಿರ್ಧರಿಸಿದೆ.

ಹೆಚ್ಚಿನ ಶ್ರಮ ಹೋದದ್ದು ಬಾಗಿಲಿಗೆ. ಈ ಸರಿಯುವ ಬಾಗಿಲು ಒಂದೇ ಹಲಗೆಯಲ್ಲ. ಬೆರಳಗಲದ ಮರದ ಪಟ್ಟಿಗಳನ್ನು ಸಾಲಾಗಿ ಜೋಡಿಸಿ ಹಿಂದಿನಿಂದ ದಪ್ಪ ಬಟ್ಟೆಗೆ ಅಂಟಿಸಿರುತ್ತಾರೆ, ಹಾಗಾಗಿ ಅದು ಮೂಲೆಯಲ್ಲಿ ಬಾಗಿ ಪೆಟ್ಟಿಗೆಯ ಪಕ್ಕದೊಳಗೆ ಸೇರಿಕೊಳ್ಳುತ್ತದೆ. ಮರಕ್ಕೆ ಏನೂ ಆಗಿರಲಿಲ್ಲ, ಬಹುಶಃ ಅಡುಗೆಮನೆಯ ಹೊಗೆ ಕುಟ್ಟೆ ಹುಳುವನ್ನೂ ಒರಲೆಯನ್ನೂ ದೂರವಿಟ್ಟಿತ್ತು. ಬಟ್ಟೆ ಮಾತ್ರ ಕೈ ಹಚ್ಚಿದಲ್ಲೆಲ್ಲ ಪುಡಿಯಾಗುತ್ತಿತ್ತು. ಪಟ್ಟಿಗಳ ಹಿಂಬದಿಗೆ ಕ್ರಮವಾಗಿ ಸಂಖ್ಯೆ ಬರೆದು, ಹಳೆಯ ಅಂಟನ್ನು ಬಿಸಿನೀರಿನ ಬಟ್ಟೆಯಿಂದ ನೆನೆಸಿ ಕೆರೆದು, ಹೊಸ ಕ್ಯಾನ್ವಾಸ್ ಬಟ್ಟೆಯ ಮೇಲೆ ಮತ್ತೆ ಜೋಡಿಸಿದೆ. ಪಟ್ಟಿಗಳ ನಡುವಿನ ಸಂದಿಗೆ ಅಂಟು ಇಳಿದರೆ ಬಾಗಿಲು ಬಾಗುವುದೇ ಇಲ್ಲವಾದ್ದರಿಂದ ಅಂಟು ತೆಳುವಾಗಿರಬೇಕು. ಬಾಗಿಲು ಸರಿಯುವ, ಮರದಲ್ಲಿ ಕೊರೆದ ಸೀಳಿಗೆ ಎಣ್ಣೆ ಹಾಕಬಾರದು, ಧೂಳು ಕೂಡಿ ಜಿಡ್ಡಾಗುತ್ತದೆ. ಮೇಣದಬತ್ತಿ ತಿಕ್ಕಿದರೆ ಸಾಕು. ಹೊರಮೈ ಮೇಲಿದ್ದುದು ಪ್ಲೈವುಡ್ಡಿಗೆ ಅಂಟಿಸಿದ ತೆಳುವಾದ ತೇಗದ ಪದರ. ಹತ್ತಿಯಲ್ಲಿ ಸ್ಪಿರಿಟ್ ಅದ್ದಿ ಕಾಣದ ಮೂಲೆಯಲ್ಲಿ ಒತ್ತಿದಾಗ ಪಾಲಿಶ್ ಕರಗಿ ಅಂಟಂಟಾಯಿತು. ಅಂದರೆ ಅದು ಅರಗಿನ ಪಾಲಿಶ್. ಅದನ್ನು ಉಜ್ಜಿ ತೆಗೆಯುವ ಅಗತ್ಯವಿಲ್ಲ, ಅದರ ಮೇಲೆಯೇ ಹೊಸ ಅರಗಿನ ಪಾಲಿಶ್ ಕೂಡಿಕೊಳ್ಳುತ್ತದೆ. ನಮ್ಮ ಕಡೆ ಮರಕ್ಕೆ ಗೇರೆಣ್ಣೆ ಬಳಿಯುವ ರೂಢಿಯಿದೆಯಾದರೂ ಅದರ ಕಪ್ಪು ತೇಗದ ಬಣ್ಣವನ್ನು ನುಂಗಿಬಿಡುತ್ತದೆಂದು ಕಾಲುಗಳ ಅಡಿಗೆ ಮಾತ್ರ ಹಚ್ಚಿದೆ.

ಮೂಲ ಸ್ಪೀಕರನ್ನು ಉಳಿಸಿಕೊಂಡೆ. ಕಾಗದದ ಕೋನಿನ, ಉದ್ದುರುಟು ಆಕಾರದ ಅದಕ್ಕೆ ಮದ್ದಳೆಯ ತಗ್ಗಿನ ನಾದ ಎಟುಕುವುದಿಲ್ಲ, ಆದರೆ ಮನುಷ್ಯರ ಮಾತು ಅದರಲ್ಲಿ ಬಹಳ ಸ್ಪಷ್ಟ. ತಾಳಮದ್ದಲೆಯ ಕಲಾವಿದ ಶೇಣಿ ಗೋಪಾಲಕೃಷ್ಣ ಭಟ್ಟರ ಅರ್ಥವನ್ನು, ಅಂದರೆ ಪಾತ್ರವಾಗಿ ಆಡುವ ಮಾತನ್ನು, ಕೇಳಲು ಇದಕ್ಕಿಂತ ದುಬಾರಿ ಸ್ಪೀಕರ್ ಬೇಕೆಂದು ನನಗನಿಸುವುದಿಲ್ಲ. ಹೊಸ ಆಂಪ್ಲಿಫೈಯರ್ ಜೋಡಿಸುವ ಮೊದಲು ಸ್ಪೀಕರಿನ ಓಮ್ ಎಷ್ಟೆಂದು ಮೀಟರಿನಲ್ಲಿ ನೋಡಿಕೊಳ್ಳಬೇಕು, ಮತ್ತು ಕ್ಯಾಸೆಟ್ಟುಗಳನ್ನು ಅದರ ಅಯಸ್ಕಾಂತದಿಂದ ದೂರವಿಡಬೇಕು. ಟೇಪಿನ ಧ್ವನಿಯೂ ಕಾಂತೀಯವೇ ಆದ್ದರಿಂದ ಒತ್ತಿಕೊಂಡೇ ಇದ್ದರೆ ಅಳಿಸಿಹೋಗಬಹುದು. ಹಾಗಾಗಿ ಸ್ಪೀಕರ್ ಬಲಕ್ಕೆ, ಕಪಾಟು ಎಡಕ್ಕೆ.

ಮಳೆಗಾಲಕ್ಕೆಂದು ಕೆಳಗೊಂದು ಹಳೆಯ ನಮೂನೆಯ ಝೀರೋ ಬಲ್ಬ್ ಇಟ್ಟಿದ್ದೇನೆ. ಹೆಸರಿಗೆ ಝೀರೋ ಆದರೂ ತಂತಿಯ ಬಲ್ಬ್ ಹತ್ತು-ಹದಿನೈದು ವ್ಯಾಟ್ ತಿಂದು ಅದನ್ನೆಲ್ಲ ಬಿಸಿಯಾಗಿ ಬಿಡುತ್ತದೆ, ಎಲ್‌ಇಡಿ ಬಲ್ಬಿನಿಂದ ಈ ಕೆಲಸವಾಗದು. ಒಳಗಿನ ಗಾಳಿ ಸ್ವಲ್ಪ ಬೆಚ್ಚಗಾದರೆ ತೇವ ಟೇಪಿನ ಮೇಲೆ ಕೂರುವುದಿಲ್ಲ, ಹಿಂದಿನ ರಟ್ಟಿನ ತೂತುಗಳಿಂದ ಹೊರಗೆ ಹೋಗುತ್ತದೆ. ಬಲ್ಬನ್ನು ಮರಕ್ಕೂ ಪ್ಲಾಸ್ಟಿಕ್ಕಿಗೂ ತಾಗದಂತೆ ತಗಡಿನ ಮರೆಯಲ್ಲಿ ಕೂರಿಸಿದ್ದೇನೆ.

ತೆಗೆದ ಸರ್ಕ್ಯೂಟನ್ನೂ ಟ್ಯೂಬಿನ ಕುತ್ತಿಗೆಗೆ ಸುತ್ತಿದ ತಾಮ್ರದ ಸುರುಳಿಯಾದ ಯೋಕನ್ನೂ ಪರಿಚಯದ ರಿಪೇರಿಯವರು ಸಂತೋಷದಿಂದ ಒಯ್ದರು. ಟ್ಯೂಬನ್ನು ಯಾರೂ ಕೇಳಲಿಲ್ಲ. ಅದರ ಗಾಜಿನಲ್ಲಿ ಸೀಸವಿರುವುದರಿಂದ ತೋಟದ ಹೊಂಡಕ್ಕೆ ಎಸೆಯುವಂತಿಲ್ಲ. ಗೋಣಿಯಲ್ಲಿ ಸುತ್ತಿ, ನೋಂದಾಯಿತ ಇ-ತ್ಯಾಜ್ಯ ಮರುಬಳಕೆದಾರರಿಗೆ ಒಪ್ಪಿಸಲೆಂದು ತೆಗೆದಿಟ್ಟಿದ್ದೇನೆ. ಇಂಥ ಕೆಲಸಕ್ಕೆ ಕೈ ಹಾಕುವವರು ಪೆಟ್ಟಿಗೆ ಬಿಚ್ಚುವ ಮೊದಲೇ ಅವರಿಗೆ ಫೋನ್ ಮಾಡಿ, ಬಿಡಿ ಟ್ಯೂಬನ್ನೂ ತೆಗೆದುಕೊಳ್ಳುತ್ತಾರೆಯೇ ಎಂದು ಕೇಳಿಕೊಳ್ಳುವುದು ಒಳ್ಳೆಯದು.