ರೋಮ್‌ನಿಂದ ಕ್ರೂಸ್ ಅಂದ್ರೂ ಹಡಗು ನಿಂತಿರೋದು ರೋಮ್‌ನಲ್ಲಲ್ಲ

ನನ್ ತಂಗಿ ಮನೆಯವ್ರು ಮೆಡಿಟರೇನಿಯನ್ ಕ್ರೂಸ್ ಬುಕ್ ಮಾಡಿದಾರೆ. ಹೋದ ವರ್ಷ ನಾವು ಹತ್ತಿದ ಬಂದರಿಂದಾನೇ ಹತ್ತೋದು. ದಿನಾ ರಾತ್ರಿ ಫೋನ್ ಮಾಡಿ ಅಕ್ಕಾ ಇದು ಹೇಗೆ, ಅಕ್ಕಾ ಅದು ಎಲ್ಲಿ ಅಂತ ಕೇಳ್ತಾಳೆ, ನಾನೂ ನೆನಪಾದಷ್ಟು ಹೇಳ್ತೀನಿ, ಫೋನ್ ಇಟ್ಟ ಮೇಲೆ ಇನ್ನೇನೋ ನೆನಪಾಗತ್ತೆ. ಅದಕ್ಕೆ ಎಲ್ಲಾ ಒಂದೇ ಕಡೆ ಬರೆದಿಟ್ಬಿಡೋಣ ಅಂತ ಕೂತೆ, ಬೇರೆ ಯಾರಿಗಾದ್ರೂ ಉಪಯೋಗ ಆದ್ರೆ ಇನ್ನೂ ಸಂತೋಷ.

ಎಲ್ಲಕ್ಕಿಂತ ಮೊದಲು ತಲೆಗೆ ಹಾಕ್ಕೋಬೇಕಾದ್ದು ಇಷ್ಟು. ಕ್ರೂಸ್ ಬುಕಿಂಗ್‌ನಲ್ಲಿ ರೋಮ್ ಅಂತ ದೊಡ್ಡದಾಗಿ ಹಾಕಿರ್ತಾರೆ, ಆದ್ರೆ ಹಡಗು ನಿಲ್ಲೋದು ಚಿವಿತಾವೆಕ್ಕಿಯಾ ಅನ್ನೋ ಊರಲ್ಲಿ. ರೋಮ್‌ನಿಂದ ವಾಯವ್ಯಕ್ಕೆ ಸುಮಾರು 70 ಕಿ.ಮೀ. ವಿಮಾನ ಇಳಿಯೋದು ಫ್ಯೂಮಿಚಿನೋದಲ್ಲಿ, ಅದು ಊರ ಮಧ್ಯದಿಂದ ನೈಋತ್ಯಕ್ಕೆ 30 ಕಿ.ಮೀ. ಅಂದ್ರೆ ಏರ್‌ಪೋರ್ಟ್, ಊರು, ಬಂದರು ಮೂರೂ ಒಂದು ತ್ರಿಕೋನದ ಮೂರು ಮೂಲೆ. ಒಂದು ಕಾಗದದ ಮೇಲೆ ಈ ತ್ರಿಕೋನ ಬರ್ಕೊಳ್ಳಿ, ಹೋಟೆಲ್ ಎಲ್ಲಿ ಅನ್ನೋ ಪ್ರಶ್ನೆಗೆ ಅರ್ಧ ಉತ್ತರ ಅಲ್ಲೇ ಸಿಗತ್ತೆ.

ನಾವು ಐದು ಜನ ಇದ್ವಿ, ನಾನು, ಇವ್ರು, ಮಗಳು, ಅತ್ತೆ, ಮಾವ. ಅತ್ತೆಗೆ ಮಂಡಿ ನೋವು, ಮೆಟ್ಟಿಲು ಅಂದ್ರೆ ಕಷ್ಟ. ಮೊದಲು ಇವ್ರ ಲೆಕ್ಕ ಏನಿತ್ತಂದ್ರೆ ಹಿಂದಿನ ದಿನ ಸಾಯಂಕಾಲ ಇಳಿಯೋದು, ಒಂದು ರಾತ್ರಿ ಮಲಗೋದು, ಬೆಳಿಗ್ಗೆ ಹಡಗು. ನಾನು ಬೇಡ ಎರಡು ರಾತ್ರಿ ಇರೋಣ ಅಂತ ಹಠ ಹಿಡಿದೆ, ಒಂದು ರಾತ್ರಿ ಹೋಟೆಲ್ ಖರ್ಚು ಜಾಸ್ತಿ ಆಗತ್ತಲ್ಲ ಅಂತ ಸ್ವಲ್ಪ ಮಾತು ಬೆಳೀತು ಕೂಡ. ಕೊನೆಗೆ ಎರಡು ರಾತ್ರಿನೇ ಆಯ್ತು, ಮತ್ತೆ ಆ ಎರಡನೇ ರಾತ್ರಿನೇ ನಮ್ಮನ್ನ ಕಾಪಾಡಿದ್ದು. ಏರ್‌ಪೋರ್ಟಲ್ಲಿ ಇಳಿದು ನೋಡಿದ್ರೆ ಅತ್ತೆ ಮಾವನ ಸೂಟ್‌ಕೇಸ್ ಬಂದಿರ್ಲಿಲ್ಲ. ಬೆಲ್ಟ್ ಖಾಲಿ ಸುತ್ತಿ ಸುತ್ತಿ ನಿಂತೋಯ್ತು. ಅತ್ತೆ ಮುಖ ನೋಡೋಕೆ ಆಗ್ಲಿಲ್ಲ ನನಗೆ, ಅವ್ರ ಔಷಧಿ ಮಾತ್ರ ನನ್ನ ಕೈಚೀಲದಲ್ಲಿತ್ತು ಅನ್ನೋದೊಂದೇ ಸಮಾಧಾನ. ಆ ಪೆಟ್ಟಿಗೆ ಹೋಟೆಲಿಗೆ ಬಂದಿದ್ದು ಮಾರನೇ ದಿನ ರಾತ್ರಿ. ಇವ್ರ ಮೊದಲಿನ ಲೆಕ್ಕದಂತೆ ಹೋಗಿದ್ರೆ ಅಷ್ಟೊತ್ತಿಗೆ ನಾವು ಸಮುದ್ರದ ಮೇಲಿರ್ತಿದ್ವಿ, ಪೆಟ್ಟಿಗೆ ನಮ್ಮ ಹಿಂದೆ ಬಂದರಿಂದ ಬಂದರಿಗೆ ಅಲೀಬೇಕಿತ್ತು.

ಹಂಗೇನಾದ್ರೂ ಆದ್ರೆ ಲಗೇಜ್ ಹಾಲ್‌ನಿಂದ ಹೊರಗೆ ಬರೋಕೆ ಮುಂಚೇನೇ ಅಲ್ಲಿನ ಕೌಂಟರ್‌ನಲ್ಲಿ ದೂರು ಬರೆಸಿ ಪಿಐಆರ್ ನಂಬರ್, ಅಂದ್ರೆ ಆ ದೂರಿನ ನಂಬರ್, ತಗೊಳ್ಳಿ. ಹೋಟೆಲ್ ಅಡ್ರೆಸ್ ಜೊತೆ ಹಡಗಿನ ಹೆಸರು, ಯಾವ ದಿನ ಯಾವ ಬಂದರು ಅನ್ನೋ ಪಟ್ಟಿನೂ ಕೊಡಿ. ನಾನು ಆ ಪಟ್ಟಿ ಪ್ರಿಂಟ್ ತಗೊಂಡಿದ್ದೆ, ಕೌಂಟರ್‌ನಲ್ಲಿದ್ದ ಹುಡುಗಿ ಅದನ್ನ ನೋಡಿದ ಮೇಲೇನೇ ವಿಷಯದ ಅರ್ಜೆಂಟು ಅರ್ಥ ಮಾಡ್ಕೊಂಡಿದ್ದು.

ಇನ್ನು ಹೋಟೆಲ್. ಎಲ್ಲರೂ ಕೊಲೋಸಿಯಮ್ ಹತ್ರ ಯಾವ್ದು, ಟ್ರೆವಿ ಕಾರಂಜಿ ಹತ್ರ ಯಾವ್ದು ಅಂತ ಹುಡುಕ್ತಾರೆ. ಬರೀ ರೋಮ್ ನೋಡೋಕೆ ಹೋಗೋರಿಗೆ ಅದು ಸರಿ. ಹಡಗು ಹತ್ತೋಕೆ ಹೋಗೋರು ಉಲ್ಟಾ ಹುಡುಕ್ಬೇಕು ಅನ್ನೋದು ನನ್ನ ಅಭಿಪ್ರಾಯ, ಅಂದ್ರೆ ಕೊನೇ ದಿನ ಬೆಳಿಗ್ಗೆ ಆ ಪೆಟ್ಟಿಗೆಗಳನ್ನ ಎಳ್ಕೊಂಡು ಎಲ್ಲಿಂದ ಹೊರಡ್ತೀವಿ ಅನ್ನೋದನ್ನ ಮೊದಲು ತೀರ್ಮಾನ ಮಾಡಿ ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕ್ಕೊಂಡು ಬಂದು ಹೋಟೆಲ್ ಹಿಡೀಬೇಕು. ಚಿವಿತಾವೆಕ್ಕಿಯಾಕ್ಕೆ ಹೋಗೋ ಲೋಕಲ್ ರೈಲು ಟೆರ್ಮಿನಿಯಿಂದ ಹೊರಟು ಒಸ್ತಿಯೆನ್ಸೆ, ತ್ರಾಸ್ತೆವೆರೆ, ಸಾನ್ ಪಿಯೆತ್ರೋ ಸ್ಟೇಷನ್‌ಗಳಲ್ಲಿ ನಿಂತು ಹೋಗತ್ತೆ. ಟೆರ್ಮಿನಿ ಏನೋ ದೊಡ್ಡ ಸ್ಟೇಷನ್, ಸುತ್ತಮುತ್ತ ಹೋಟೆಲ್‌ಗಳು ರಾಶಿ ಇವೆ, ಆದ್ರೆ ಈ ರೈಲುಗಳು ಸಾಮಾನ್ಯವಾಗಿ ಹೊರಡೋ ಪ್ಲಾಟ್‌ಫಾರ್ಮ್‌ಗಳು ಆ ಕೊನೇಲಿರೋವು, ಮುಖ್ಯ ಹಾಲ್‌ನಿಂದ ಹತ್ತು ನಿಮಿಷ ನಡೀಬೇಕು, ವಯಸ್ಸಾದವ್ರಿದ್ರೆ ಅದಕ್ಕಿಂತ ಜಾಸ್ತಿನೇ ಇಟ್ಕೊಳ್ಳಿ. ಸಾನ್ ಪಿಯೆತ್ರೋ ಚಿಕ್ಕ ಸ್ಟೇಷನ್, ಗಲಾಟೆ ಕಮ್ಮಿ, ವ್ಯಾಟಿಕನ್ ಚರ್ಚ್‌ಗೆ ನಡೆಯೋ ದೂರ. ರೈಲಲ್ಲಿ ಹೋಗೋರಿಗೆ ನನ್ನ ಓಟು ಇದಕ್ಕೇ.

ಒಂದು ಎಚ್ಚರಿಕೆ ಇದೆ ಆದ್ರೆ. ಬುಧವಾರ ಬೆಳಿಗ್ಗೆ ಪೋಪ್ ಸಾರ್ವಜನಿಕ ದರ್ಶನ ಇರತ್ತೆ, ಭಾನುವಾರ ಮಧ್ಯಾಹ್ನ ಪ್ರಾರ್ಥನೆ, ಅವತ್ತು ಆ ಬೀದಿಗಳಲ್ಲಿ ಜನವೋ ಜನ. ಹಡಗು ಹತ್ತೋ ದಿನ ಬುಧವಾರವಾದ್ರೆ ಸ್ವಲ್ಪ ಬೇಗ ಹೊರಡಿ. ಹಂಗೇ ಜೂನ್ 2 ಇಟಲಿಯ ಗಣರಾಜ್ಯ ದಿನ, ಕೊಲೋಸಿಯಮ್ ಪಕ್ಕದ ದೊಡ್ಡ ರಸ್ತೆಯಲ್ಲೇ ಪೆರೇಡ್ ಇರತ್ತೆ, ರಸ್ತೆಗಳು ಬಂದ್. ಹೋಗೋ ತಾರೀಖು ಯಾವ ಹಬ್ಬಕ್ಕೆ ಬಂತು ಅಂತ ಕ್ಯಾಲೆಂಡರ್ ಒಂದ್ಸಲ ನೋಡ್ಕೊಳ್ಳಿ.

ಏರ್‌ಪೋರ್ಟಿಂದ ಊರಿಗೆ ಎರಡು ಥರ ರೈಲಿದೆ ಅನ್ನೋದು ಬಹಳ ಜನಕ್ಕೆ ಗೊತ್ತಿರಲ್ಲ. ಒಂದು ಲಿಯೊನಾರ್ಡೋ ಎಕ್ಸ್‌ಪ್ರೆಸ್, ಮಧ್ಯೆ ಎಲ್ಲೂ ನಿಲ್ಲಲ್ಲ, 32 ನಿಮಿಷಕ್ಕೆ ಟೆರ್ಮಿನಿ, ಟಿಕೆಟ್ 14 ಯೂರೋ. ಇನ್ನೊಂದು ಎಫ್‌ಎಲ್1 ಅನ್ನೋ ಲೋಕಲ್, ಅದು 8 ಯೂರೋ, ಅದು ಟೆರ್ಮಿನಿಗೆ ಹೋಗೋದೇ ಇಲ್ಲ, ತ್ರಾಸ್ತೆವೆರೆ, ಒಸ್ತಿಯೆನ್ಸೆ ಕಡೆಯಿಂದ ಹೋಗತ್ತೆ. ಆದ್ರಿಂದ ನೀವು ಸಾನ್ ಪಿಯೆತ್ರೋ ಹತ್ರ ಹೋಟೆಲ್ ಹಿಡಿದ್ರೆ ತ್ರಾಸ್ತೆವೆರೆಯಲ್ಲಿ ರೈಲು ಬದಲಾಯಿಸಿದ್ರೆ ಆಯ್ತು, ಟೆರ್ಮಿನಿ ಮುಖಾನೇ ನೋಡ್ಬೇಕಿಲ್ಲ. ಊರಿಗೆ ಹೋಗದೆ ನೇರ ಬಂದರಿಗೆ ಹೋಗೋರಿಗೂ ಇದೇ ದಾರಿ, ತ್ರಾಸ್ತೆವೆರೆಯಲ್ಲಿ ಇಳಿದು ಚಿವಿತಾವೆಕ್ಕಿಯಾ ರೈಲು ಹತ್ತೋದು.

ಟ್ಯಾಕ್ಸಿ ಬೇಕಂದ್ರೆ ಬಿಳೀ ಬಣ್ಣದ ಅಧಿಕೃತ ಟ್ಯಾಕ್ಸಿನೇ ಹಿಡೀರಿ. ಏರ್‌ಪೋರ್ಟಿಂದ ಹಳೇ ಔರೇಲಿಯನ್ ಕೋಟೆ ಗೋಡೆಯ ಒಳಗಿನ ಜಾಗಕ್ಕೆ ಫಿಕ್ಸ್ ರೇಟ್ ಇದೆ, 2024ರಲ್ಲಿ ಅದನ್ನ 55 ಯೂರೋ ಮಾಡಿದ್ರು, ಲಗೇಜೂ ಅದರಲ್ಲೇ ಸೇರಿದೆ, ತಲೆಗಿಷ್ಟು ಅಂತ ಅಲ್ಲ ಗಾಡಿಗೆ. ಹೋಟೆಲ್ ಆ ಗೋಡೆಯ ಒಳಗಿದೆಯಾ ಹೊರಗಿದೆಯಾ ಅಂತ ಮ್ಯಾಪಲ್ಲಿ ಮೊದಲೇ ನೋಡ್ಕೊಳ್ಳಿ, ಹೊರಗಿದ್ರೆ ಈ ರೇಟ್ ಅಲ್ಲ. ಮಾಮೂಲಿ ಟ್ಯಾಕ್ಸಿಗೆ ನಾಲ್ಕೇ ಜನ, ನಾವು ಐವರು ಇದ್ದಿದ್ರಿಂದ ವ್ಯಾನೇ ಬೇಕಾಯ್ತು.

ಹೋಟೆಲ್ ಬುಕ್ ಮಾಡೋವಾಗ ನಾನು ಕೇಳಿದ ಪ್ರಶ್ನೆಗಳಲ್ಲಿ ಮೊದಲನೇದು ಲಿಫ್ಟ್. ಇದೆಯಾ ಅಂತ ಕೇಳಿದ್ರೆ ಸಾಲದು, ಎಷ್ಟು ದೊಡ್ಡದು, ಲಿಫ್ಟ್‌ವರೆಗೆ ಎಷ್ಟು ಮೆಟ್ಟಿಲು ಹತ್ಬೇಕು ಅಂತಾನೂ ಕೇಳ್ಬೇಕು. ಹಳೇ ಕಟ್ಟಡಗಳಲ್ಲಿ ಲಿಫ್ಟ್ ಆಮೇಲೆ ತೂರಿಸಿರ್ತಾರೆ, ಇಬ್ಬರು ನಿಂತ್ರೆ ಪೆಟ್ಟಿಗೆಗೆ ಜಾಗ ಇರಲ್ಲ. ನಾನು ಮೇಲ್ ಮಾಡಿ ಕೇಳಿದಾಗ ಒಂದು ಹೋಟೆಲ್‌ನವ್ರು ಪ್ರಾಮಾಣಿಕವಾಗಿ ನಮ್ಮಲ್ಲಿ ಮೊದಲು ಹದಿನಾಲ್ಕು ಮೆಟ್ಟಿಲು ಹತ್ಬೇಕು ಅಂತ ಹೇಳಿದ್ರು, ಅದನ್ನ ಬಿಟ್ವಿ, ಹಂಗೆ ನಿಜ ಹೇಳಿದ್ದಕ್ಕೆ ಅವ್ರ ಮೇಲೆ ಈಗ್ಲೂ ಗೌರವ ಇದೆ. ಎರಡನೇದು, ಬೆಳಿಗ್ಗೆ ಬೇಗ ಇಳಿದ್ರೆ ರೂಮ್ ಸಿಗೋವರೆಗೆ ಲಗೇಜ್ ಇಟ್ಕೋತಾರಾ. ಮೂರನೇದು ಸಿಟಿ ಟ್ಯಾಕ್ಸ್. ಬುಕಿಂಗ್ ದುಡ್ಡಲ್ಲಿ ಇದು ಸಾಮಾನ್ಯವಾಗಿ ಸೇರಿರಲ್ಲ, ಹೋಟೆಲಲ್ಲೇ ಕಟ್ಬೇಕು, ತಲೆಗೆ ದಿನಕ್ಕೆ ಲೆಕ್ಕ. 2023ರ ಅಕ್ಟೋಬರಿಂದ ರೋಮ್‌ನಲ್ಲಿ ಮೂರು ಸ್ಟಾರ್ ಹೋಟೆಲ್‌ಗೆ 6 ಯೂರೋ, ನಾಲ್ಕು ಸ್ಟಾರ್‌ಗೆ 7.50. ನಾಲ್ಕು ಜನ ಎರಡು ರಾತ್ರಿ ಅಂದ್ರೆ ನಾಲ್ಕು ಸ್ಟಾರಲ್ಲಿ ಅದೇ 60 ಯೂರೋ ಆಗೋಯ್ತು, ಮೊದಲೇ ತೆಗೆದಿಟ್ಕೊಳ್ಳಿ. ಹತ್ತು ವರ್ಷದೊಳಗಿನ ಮಕ್ಕಳಿಗಿಲ್ಲ, ನನ್ನ ಮಗಳಿಗೆ ಎಂಟು, ಹಂಗಾಗಿ ಅವಳದ್ದು ಉಳೀತು.

ಆ ಕಲ್ಲು ಹಾಸಿನ ರಸ್ತೆ ಬಗ್ಗೆನೂ ಹೇಳ್ಬೇಕು. ಹಳೇ ರೋಮ್ ಪೂರ್ತಿ ಚೌಕಾಕಾರದ ಕಪ್ಪು ಕಲ್ಲು, ನೋಡೋಕೆ ಚೆಂದ, ಪೆಟ್ಟಿಗೆ ಚಕ್ರಕ್ಕೆ ಶತ್ರು. ಮ್ಯಾಪಲ್ಲಿ ಆರು ನಿಮಿಷ ಅಂತ ತೋರಿಸೋ ದೂರ ಎರಡು ಪೆಟ್ಟಿಗೆ ಜೊತೆ ಹದಿನೈದು ನಿಮಿಷ ಆಗತ್ತೆ.

ಈಗ ಹಡಗು ಹತ್ತೋ ಬೆಳಿಗ್ಗೆ, ಇದೇ ಮುಖ್ಯ. ಹಡಗು ಸಂಜೆ 5ಕ್ಕೆ ಹೊರಡತ್ತೆ ಅಂದ್ರೆ 5ರವರೆಗೆ ಟೈಮಿದೆ ಅಂತ ಅಲ್ಲ. ಚೆಕ್-ಇನ್ ಬಹಳಷ್ಟು ಕಂಪನಿಗಳಲ್ಲಿ ಒಂದು ಗಂಟೆ, ಒಂದೂವರೆ ಗಂಟೆ ಮುಂಚೇನೇ ಮುಚ್ಚತ್ತೆ, ಕೆಲವು ಕಡೆ ಇನ್ನೂ ಮುಂಚೆ. ನಿಮ್ಮ ಟಿಕೆಟಲ್ಲಿ ಏನಿದೆ ಅಂತ ನೋಡಿ ಆ ಸಮಯದಿಂದ ಹಿಂದಕ್ಕೆ ಎಣಿಸಿ. ನಮಗೆ 3:30ಕ್ಕೆ ಮುಚ್ತಿತ್ತು, ನಾವು ತಗೊಂಡ ಚೆಕ್-ಇನ್ ಸ್ಲಾಟ್ 12 ಗಂಟೆ, ಹೋಟೆಲ್ ಬಿಟ್ಟಿದ್ದು 9:45ಕ್ಕೆ. ವ್ಯಾನ್‌ಗೆ ಒಂದೂವರೆ ಗಂಟೆ ಹಿಡೀತು. ಬೇಗ ಹೋಗಿದ್ದಕ್ಕೆ ಏನೂ ನಷ್ಟ ಆಗ್ಲಿಲ್ಲ, ಅತ್ತೆ ಮಾವ ಆರಾಮಾಗಿ ಕುರ್ಚಿ ಮೇಲೆ ಕೂತು ಹಡಗು ನೋಡ್ತಾ ಇದ್ರು.

ವ್ಯಾನಾ ರೈಲಾ ಅಂತ ತಂಗಿ ಕೇಳ್ತಾನೇ ಇದಾಳೆ. ಇಬ್ಬರೇ ಇದ್ದು, ಇಬ್ಬರಿಗೂ ಕಾಲು ಗಟ್ಟಿಯಿದ್ದು, ತಲೆಗೊಂದು ಪೆಟ್ಟಿಗೆ ಅಂದ್ರೆ ರೈಲು ಚೆನ್ನಾಗಿದೆ, ಒಂದು ಗಂಟೆ ಚಿಲ್ಲರೆ, ಖರ್ಚೂ ತುಂಬಾ ಕಮ್ಮಿ. ಟಿಕೆಟ್ ಮೆಷಿನಲ್ಲಿ ಕಾಗದದ್ದು ತಗೊಂಡ್ರೆ ಹತ್ತೋಕೆ ಮುಂಚೆ ಪ್ಲಾಟ್‌ಫಾರ್ಮ್ ಹತ್ರ ಇರೋ ಚಿಕ್ಕ ಮೆಷಿನ್‌ಗೆ ತೂರಿಸಿ ಮುದ್ರೆ ಹಾಕಿಸ್ಬೇಕು, ಇಲ್ದಿದ್ರೆ ಟಿಕೆಟ್ ಇದ್ದೂ ದಂಡ. ಫೋನಲ್ಲಿ ತಗೊಂಡ ಲೋಕಲ್ ಟಿಕೆಟ್‌ಗೂ ಹೊರಡೋಕೆ ಮುಂಚೆ ಆನ್‌ಲೈನ್ ಚೆಕ್-ಇನ್ ಮಾಡ್ಬೇಕು. ಚಿವಿತಾವೆಕ್ಕಿಯಾದಲ್ಲಿ ಇಳಿದ್ರೆ ಹಡಗು ಎದುರಿಗೆ ಇರಲ್ಲ, ಮೊದಲು ಲಾರ್ಗೋ ದೆಲ್ಲಾ ಪಾಚೆ ಅನ್ನೋ ಜಾಗಕ್ಕೆ ಬಸ್ಸಲ್ಲೋ ನಡ್ಕೊಂಡೋ ಹೋಗ್ಬೇಕು, ಬಂದರಿನ ಶಟಲ್ ಬಸ್ ಅಲ್ಲಿಂದ ಹಡಗಿನ ಹತ್ರ ಬಿಡತ್ತೆ. ಹತ್ತಿ ಇಳಿದು ಹತ್ತಿ ಇಳಿದು ಮೂರ್ನಾಲ್ಕು ಸಲ ಪೆಟ್ಟಿಗೆ ಎತ್ಬೇಕು. ವಯಸ್ಸಾದವ್ರು, ಚಿಕ್ಕ ಮಕ್ಕಳು ಇದ್ರೆ ವ್ಯಾನೇ ಸರಿ. ಕ್ರೂಸ್ ಕಂಪನಿಯವ್ರದ್ದೇ ಬಸ್ಸೂ ಇರತ್ತೆ, ಅದು ತಲೆಗಿಷ್ಟು ಅಂತ, ನಾಲ್ಕೈದು ಜನ ಆದ್ರೆ ಸ್ವಂತ ವ್ಯಾನ್ ಹೆಚ್ಚುಕಮ್ಮಿ ಅಷ್ಟಕ್ಕೇ ಬರಬಹುದು, ಎರಡರದ್ದೂ ರೇಟ್ ಪಕ್ಕಪಕ್ಕ ಇಟ್ಟು ನೋಡಿ. ವ್ಯಾನ್ ಬುಕ್ ಮಾಡೋವಾಗ ಜನ ಎಷ್ಟು ಅನ್ನೋದರ ಜೊತೆ ಪೆಟ್ಟಿಗೆ ಎಷ್ಟು ಅಂತಾನೂ ಬರೀರಿ.

ರೈಲು ನಂಬ್ಕೊಂಡವ್ರು ಮುಷ್ಕರದ ಬಗ್ಗೆ ತಿಳ್ಕೊಂಡಿರ್ಬೇಕು. ಇಟಲಿಯಲ್ಲಿ ಅದಕ್ಕೆ ಶೋಪೆರೋ ಅಂತಾರೆ, ದಿನಾಂಕ ಮುಂಚೆನೇ ಪ್ರಕಟ ಆಗತ್ತೆ. ವಾರದ ದಿನಗಳಲ್ಲಿ ಮುಷ್ಕರ ಇದ್ರೂ ಬೆಳಿಗ್ಗೆ 6ರಿಂದ 9, ಸಂಜೆ 6ರಿಂದ 9 ಅಗತ್ಯದ ಲೋಕಲ್ ರೈಲುಗಳು ಓಡ್ಲೇಬೇಕು ಅನ್ನೋ ನಿಯಮ ಇದೆ. ಹಡಗಿನ ದಿನ ಮುಷ್ಕರ ಬಿದ್ರೆ 9ರೊಳಗಿನ ರೈಲಿಗೆ ಹೋಗ್ಬಿಡಿ, ಬಂದರಲ್ಲಿ ಕಾಯೋದು ಎಷ್ಟೋ ವಾಸಿ. ಕಾಯೋವಾಗ ನೋಡೋಕೂ ಇದೆ, ಟ್ರಾಜನ್ ಚಕ್ರವರ್ತಿ ಎರಡನೇ ಶತಮಾನದಲ್ಲಿ ಕಟ್ಟಿಸಿದ ಬಂದರದು, ದಡದಲ್ಲೇ 1508ರಲ್ಲಿ ಕಟ್ಟೋಕೆ ಶುರು ಮಾಡಿದ ದೊಡ್ಡ ಕೋಟೆ ಇದೆ. ವಿಮಾನ ರಾತ್ರಿ ತಡವಾಗಿ ಬರೋರು ಕೊನೇ ರಾತ್ರಿ ಚಿವಿತಾವೆಕ್ಕಿಯಾದಲ್ಲೇ ಉಳ್ಕೊಂಡ್ರೂ ಒಳ್ಳೇದೇ, ರೋಮ್‌ನ ಒಂದು ಸಂಜೆ ಹೋಗತ್ತೆ ಅಷ್ಟೇ.

ವೀಸಾ ವಿಷಯ ತಂಗಿ ಕೇಳಿರ್ಲಿಲ್ಲ, ನಾನೇ ಕೇಳಿ ಎದೆ ಧಸಕ್ ಅಂತು. ಅವಳ ಹಡಗು ಟರ್ಕಿಯ ಕುಶಾದಸಿಗೆ ಹೋಗಿ ಮತ್ತೆ ಗ್ರೀಸ್‌ಗೆ ಬರತ್ತೆ. ಒಂದೇ ವೀಸಾದಲ್ಲಿ ಓಡಾಡೋ ಯುರೋಪಿನ ದೇಶಗಳ ಗುಂಪಿಗೆ ಶೆಂಗೆನ್ ಅಂತಾರೆ, ಟರ್ಕಿ ಅದರೊಳಗಿಲ್ಲ. ಅಂದ್ರೆ ಶೆಂಗೆನ್ ಬಿಟ್ಟು ಮತ್ತೆ ಒಳಗೆ ಬಂದಂಗೆ, ಸಿಂಗಲ್ ಎಂಟ್ರಿ ವೀಸಾ ಸಾಲಲ್ಲ, ಮಲ್ಟಿಪಲ್ ಎಂಟ್ರಿನೇ ಬೇಕು, ಟರ್ಕಿಯ ನಿಯಮ ಬೇರೆ ನೋಡ್ಬೇಕು. ಅರ್ಜಿ ಹಾಕೋವಾಗಲೇ ಹಡಗಿನ ಪೂರ್ತಿ ದಾರಿಪಟ್ಟಿ ಲಗತ್ತಿಸಿ ಮಲ್ಟಿಪಲ್ ಕೇಳ್ಬೇಕು. ಪ್ರಯಾಣಕ್ಕೆ 6 ತಿಂಗಳು ಮುಂಚೆಯಿಂದ ಅರ್ಜಿ ಹಾಕ್ಬಹುದು, ತಡ ಅಂದ್ರೆ 15 ದಿನ ಮುಂಚೆ, ಆದ್ರೆ ದಯವಿಟ್ಟು ಅಲ್ಲಿವರೆಗೆ ಬಿಡ್ಬೇಡಿ. ಪುಣ್ಯಕ್ಕೆ ಅವಳಿನ್ನೂ ಅರ್ಜಿ ಹಾಕಿರ್ಲಿಲ್ಲ.

ಬಂದರಲ್ಲಿ ದೊಡ್ಡ ಪೆಟ್ಟಿಗೆ ಪೋರ್ಟರ್‌ಗಳು ತಗೊಂಡೋಗ್ತಾರೆ, ರೂಮಿಗೆ ಬರೋದು ಎಷ್ಟೊತ್ತಿಗೋ. ಪಾಸ್‌ಪೋರ್ಟ್, ಔಷಧಿ, ಒಂದು ಜೊತೆ ಬಟ್ಟೆ ಕೈಚೀಲದಲ್ಲೇ ಇರ್ಲಿ, ಪಾಸ್‌ಪೋರ್ಟ್ ದೊಡ್ಡ ಪೆಟ್ಟಿಗೆಗೆ ಹೋದ್ರೆ ಮುಂದಕ್ಕೆ ಒಂದು ಹೆಜ್ಜೆ ಇಡೋಕಾಗಲ್ಲ. ಕ್ರೂಸ್‌ನವ್ರು ಕಳಿಸೋ ಲಗೇಜ್ ಟ್ಯಾಗ್ ಮನೆಯಲ್ಲೇ ಪ್ರಿಂಟ್ ಹಾಕಿ, ಆದ್ರೆ ಪೆಟ್ಟಿಗೆಗೆ ಕಟ್ಟೋದು ಹೋಟೆಲ್ ಬಿಡೋ ಬೆಳಿಗ್ಗೆ. ವಿಮಾನ ಹತ್ತೋಕೆ ಮುಂಚೆನೇ ಕಟ್ಟಿದ್ರೆ ಕಿತ್ತೋಗತ್ತೆ.

ತಂಗಿ ನಿನ್ನೆ ಹೋಟೆಲ್ ಹಿಡಿದ್ಳು, ಸಾನ್ ಪಿಯೆತ್ರೋ ಸ್ಟೇಷನ್ ಹತ್ರಾನೇ, ಎರಡು ರಾತ್ರಿ, ಕ್ಯಾನ್ಸಲ್ ಮಾಡೋ ಅವಕಾಶ ಇರೋದು. ಲಿಫ್ಟ್ ಬಗ್ಗೆ ಮೇಲ್ ಹಾಕಿದಾಳೆ, ಉತ್ತರ ಬಂದಿಲ್ಲ. ಅವ್ರ ಹಡಗಿನ ದಿನ ಬುಧವಾರ ಅಂತ ಈಗ ತಾನೇ ಮೆಸೇಜ್ ಬಂತು, ವ್ಯಾನ್ 9ಕ್ಕೇ ಹೇಳು ಅಂತ ಬರೆದು ಕಳಿಸಿದೀನಿ.