ಲೆಕ್ಕಕ್ಕೆ ಸಿಗದ 60: ಹೋಲ್ಡೆಮ್ ಕಲಿಕೆಯ ಐದನೆಯ ಭಾನುವಾರ

ಮೂರು ವಾರಗಳಿಂದ ನಮ್ಮನ್ನು ಕಾಡುತ್ತಿದ್ದ ಸೈಡ್ ಪಾಟ್‌ನ, ಅಂದರೆ ಮುಖ್ಯ ರಾಶಿಯಿಂದ ಬೇರೆಯಾಗುವ ಪಕ್ಕದ ರಾಶಿಯ ಲೆಕ್ಕ ಕಳೆದ ಭಾನುವಾರ ರಾತ್ರಿ ಕೊನೆಗೂ ಬಗೆಹರಿಯಿತು. ಟೆಕ್ಸಸ್ ಹೋಲ್ಡೆಮ್ ಎಂಬ ಪೋಕರ್ ಬಗೆಯ ಎಲೆಯಾಟದ ಉಳಿದ ಮೂಲ ನಿಯಮಗಳು, ಅಂದರೆ ಎಲೆ ನೋಡುವ ಮೊದಲೇ ಇಬ್ಬರು ಬ್ಲೈಂಡ್ ಎಂಬ ಕಡ್ಡಾಯ ಮೊತ್ತ ಕಟ್ಟುವುದು, ಎಲ್ಲರಿಗೂ ಸೇರಿದ ಐದು ಎಲೆಗಳನ್ನು ಫ್ಲಾಪ್ (ಮೂರು), ಟರ್ನ್ (ಒಂದು), ರಿವರ್ (ಒಂದು) ಎಂದು ನಡುವೆ ಬಿಚ್ಚುವುದು, ತನ್ನ ಕೈಯ ಎರಡೂ ಸೇರಿ ಆಗುವ ಏಳರಲ್ಲಿ ಒಳ್ಳೆಯ ಐದನ್ನು ಆರಿಸಿಕೊಳ್ಳುವುದು, ಇವೆಲ್ಲ ಮೊದಲ ಎರಡು ವಾರಗಳಲ್ಲಿಯೇ ರೂಢಿಯಾಗಿದ್ದವು. ಅವುಗಳನ್ನು ಇಲ್ಲಿ ಹೆಚ್ಚು ವಿವರಿಸುವುದಿಲ್ಲ. ಸ್ಟ್ರೇಟ್‌ಗಿಂತ (ಅನುಕ್ರಮವಾಗಿ ಬರುವ ಐದು ಎಲೆ) ಫ್ಲಶ್ (ಒಂದೇ ಜಾತಿಯ ಐದು ಎಲೆ) ಏಕೆ ದೊಡ್ಡದು ಎಂದು ಅಕ್ಕ ಹಟ ಹಿಡಿದು ಕೇಳಿದ್ದಕ್ಕೂ ಎಣಿಕೆಯಿಂದಲೇ ಉತ್ತರ ಸಿಕ್ಕಿತ್ತು: 52 ಎಲೆಗಳಿಂದ ಆಗಬಹುದಾದ 25,98,960 ಐದೆಲೆಯ ಕೈಗಳಲ್ಲಿ ಬರಿಯ ಸ್ಟ್ರೇಟ್‌ಗಳು 10,200 ಇದ್ದರೆ, ಬರಿಯ ಫ್ಲಶ್‌ಗಳು 5,108 ಮಾತ್ರ ಇವೆ. ಆ ಅಂಕಿಗಳನ್ನು ನೋಡಿದ ಮೇಲೆ ಅವಳು ಆ ವಿಷಯವನ್ನು ಬಿಟ್ಟಳು.

ನಾವು ಐವರು ಆಡುವುದು ಹ್ಯೂಸ್ಟನ್‌ನ ನಮ್ಮ ಮನೆಯ ಊಟದ ಮೇಜಿನ ಮೇಲೆ. ಹಣ ಕಟ್ಟುವುದಿಲ್ಲ, ಬರಿಯ ಬಿಲ್ಲೆಗಳು. ಈ ಆಟ ಹುಟ್ಟಿದ ಊರೆಂದು ಟೆಕ್ಸಸ್ ಶಾಸನಸಭೆ 2007ರಲ್ಲಿ ಗೊತ್ತುವಳಿಯ ಮೂಲಕ ಮಾನ್ಯ ಮಾಡಿದ ರಾಬ್ಸ್‌ಟೌನ್ ಇದೇ ರಾಜ್ಯದ ದಕ್ಷಿಣಕ್ಕೆ, ಕಾರ್ಪಸ್ ಕ್ರಿಸ್ಟಿಯ ಪಕ್ಕದಲ್ಲಿದೆ. ಲಾಸ್ ವೇಗಸ್‌ಗೆ ಆಟ ತಲುಪಿದ್ದು 1960ರ ದಶಕದಲ್ಲಿ. ಇಲ್ಲಿಗೆ ಬಂದು ಇಷ್ಟು ವರ್ಷವಾದರೂ ನೆಲದ ಆಟವನ್ನು ಕಲಿತಿಲ್ಲವಲ್ಲ ಎಂಬ ಭಾವನವರ ಮಾತಿನಿಂದಲೇ ನಮ್ಮ ಭಾನುವಾರಗಳು ಆರಂಭವಾದವು.

ತೊಡಕಿನ ಮೂಲ ಒಂದೇ ನಿಯಮದಲ್ಲಿದೆ. ಕೈ (ಒಮ್ಮೆ ಎಲೆ ಹಂಚಿ ಆಡುವ ಆಟ) ಆರಂಭವಾದಾಗ ನಿಮ್ಮ ಮುಂದೆ ಎಷ್ಟು ಬಿಲ್ಲೆಗಳಿವೆಯೋ ಅಷ್ಟನ್ನು ಮಾತ್ರ ಆ ಕೈಯಲ್ಲಿ ಕಟ್ಟಬಹುದು. ಊರಿನಲ್ಲಿ ಮೂರೆಲೆ ಆಡುವಾಗ ಕೈ ಬರಿದಾದವನು ಪಕ್ಕದವನಿಂದ ಕೈಗಡ ಪಡೆದು ಆಟ ಮುಂದುವರಿಸುವುದನ್ನು ನಾವೆಲ್ಲ ನೋಡಿಕೊಂಡೇ ಬೆಳೆದವರು. ಇಲ್ಲಿ ಹಾಗಿಲ್ಲ. ಇದ್ದದ್ದೆಲ್ಲವನ್ನೂ ಕಟ್ಟಿದವನು, ಅಂದರೆ ಆಲ್ ಇನ್ ಆದವನು, ಆಟದಲ್ಲಿ ಉಳಿಯುತ್ತಾನೆ, ಆದರೆ ತಾನು ಕಟ್ಟಿದಷ್ಟನ್ನು ಮಾತ್ರ ಪ್ರತಿಯೊಬ್ಬರಿಂದ ಗೆಲ್ಲಬಲ್ಲ. ಅದಕ್ಕಿಂತ ಮೇಲಿನದು ಉಳಿದವರ ನಡುವಿನ ಬೇರೆ ರಾಶಿಯಾಗುತ್ತದೆ. ಇಬ್ಬರಿದ್ದಾಗ ಇದು ಸುಲಭ. ಮೂವರು ಬೇರೆ ಬೇರೆ ಮೊತ್ತಕ್ಕೆ ಆಲ್ ಇನ್ ಆದಾಗ ನಮ್ಮ ಲೆಕ್ಕ ಮತ್ತೆ ಮತ್ತೆ ತಪ್ಪುತ್ತಿತ್ತು.

ತಪ್ಪನ್ನು ಬಹಳ ದಿನ ಬಿಲ್ಲೆಗಳ ಮೇಲೆ ಹೊರಿಸಿದೆವು, ಅದಕ್ಕೆ ಕಾರಣವೂ ಇತ್ತು. ಐದಕ್ಕೆ ಕೆಂಪು, ಇಪ್ಪತ್ತೈದಕ್ಕೆ ಹಸಿರು, ನೂರಕ್ಕೆ ಕಪ್ಪು ಎಂಬ ಇಲ್ಲಿನ ರೂಢಿಯಂತೆಯೇ ಬಿಲ್ಲೆಗಳನ್ನು ತರಿಸಿದ್ದೆ. ಅಂಗಡಿಯವರು ಕಳುಹಿಸಿದ ಹಸಿರು ಎಷ್ಟು ಗಾಢವಾಗಿದೆಯೆಂದರೆ, ಊಟದ ಮೇಜಿನ ಹಳದಿ ದೀಪದಡಿಯಲ್ಲಿ ಅದನ್ನು ಕಪ್ಪಿನಿಂದ ಬೇರ್ಪಡಿಸಲು ಅಂಚನ್ನು ಕಣ್ಣಿನ ಹತ್ತಿರ ಹಿಡಿಯಬೇಕು. ಬದಲಾಯಿಸಿ ಕೊಡಿ ಎಂದು ಬರೆದರೆ, ಪೊಟ್ಟಣ ಒಡೆದಾಗಿದೆ ಎಂಬ ಉತ್ತರ ಬಂತು. ಒಡೆಯದೆ ಬಣ್ಣ ನೋಡುವುದು ಹೇಗೆ ಎಂಬ ನನ್ನ ಎರಡನೆಯ ಪತ್ರಕ್ಕೆ ಇನ್ನೂ ಉತ್ತರವಿಲ್ಲ.

ಇನ್ನು ಭಾನುವಾರದ ಆ ಕೈ. ಡೀಲರ್ ಬಟನ್, ಅಂದರೆ ಎಲೆ ಹಂಚುವವರ ಗುರುತು, ನನ್ನ ಮುಂದಿತ್ತು. ಬ್ಲೈಂಡ್ 10 ಮತ್ತು 20. ಸ್ಮಾಲ್ ಬ್ಲೈಂಡ್ ಅತ್ತಿಗೆಯದು, ಅವರ ಬಳಿ ಒಟ್ಟು 150. ಬಿಗ್ ಬ್ಲೈಂಡ್ ಭಾವನವರದು, ಅವರ ಬಳಿ 400. ಅಣ್ಣನ ಬಳಿ 900, ನನ್ನ ಬಳಿ 1,200, ಅಕ್ಕನ ಬಳಿ ಅದಕ್ಕಿಂತ ಹೆಚ್ಚು. ಮೊದಲ ಸರದಿಯ ಅಕ್ಕ 60ಕ್ಕೆ ಏರಿಸಿದಳು, ಅಣ್ಣನೂ ನಾನೂ ಅಷ್ಟೇ ಕಟ್ಟಿದೆವು. ಅತ್ತಿಗೆ ತಮ್ಮಲ್ಲಿದ್ದ 150ನ್ನೂ ಮುಂದಕ್ಕೆ ತಳ್ಳಿದರು. ಭಾವ ಒಂದು ಕ್ಷಣ ಯೋಚಿಸಿ ತಮ್ಮ 400ನ್ನೂ ತಳ್ಳಿದರು. ಅಕ್ಕ ಎಲೆ ಬಿಟ್ಟು ಪ್ಯಾಕ್ ಮಾಡಿ, ಒಲೆಯ ಮೇಲೆ ಹಾಲಿಟ್ಟಿದ್ದೇನೆ ಎಂದು ಎದ್ದು ಹೋದಳು. ಅಣ್ಣನೂ ನಾನೂ 400ಕ್ಕೆ ಸರಿದೂಗಿಸಿದೆವು. ಫ್ಲಾಪ್‌ನಲ್ಲಿ ಆಟಿನ್ ಒಂಬತ್ತು, ಕಳಾವರ್ ಒಂಬತ್ತು, ಇಸ್ಪೀಟ್ ನಾಲ್ಕು ಬಿದ್ದವು. ಅಣ್ಣ ಉಳಿದ 500ನ್ನೂ ಕಟ್ಟಿದ. ನನ್ನ ಕೈಯಲ್ಲಿ ಜೋಡಿ ಗುಲಾಮರಿದ್ದುದರಿಂದ ನಾನೂ ಕಟ್ಟಿದೆ. ಟರ್ನ್‌ನಲ್ಲಿ ಡೈಮನ್ ರಾಣಿ, ರಿವರ್‌ನಲ್ಲಿ ಇಸ್ಪೀಟ್ ಎರಡು.

ಎಲೆ ಬಿಚ್ಚಿದಾಗ ಅತ್ತಿಗೆಯ ಕೈಯಲ್ಲಿ ಎರಡು ನಾಲ್ಕುಗಳಿದ್ದವು, ಅಂದರೆ ಮೂರು ನಾಲ್ಕುಗಳೂ ಎರಡು ಒಂಬತ್ತುಗಳೂ ಸೇರಿ ಫುಲ್ ಹೌಸ್, ಇಲ್ಲಿ ಎಲ್ಲಕ್ಕಿಂತ ದೊಡ್ಡ ಕೈ. ಭಾವನವರದು ಎಕ್ಕ ಮತ್ತು ಒಂಬತ್ತು, ಮೂರು ಒಂಬತ್ತುಗಳಾದವು. ಅಣ್ಣನದು ರಾಜ ರಾಣಿ. ಟರ್ನ್‌ನ ರಾಣಿಯಿಂದಾಗಿ ಅವನ ರಾಣಿ ಜೋಡಿ ನನ್ನ ಗುಲಾಮರ ಜೋಡಿಯನ್ನು ದಾಟಿತು. ಹೀಗೆ ಒಂದೇ ಕೈಯಲ್ಲಿ ಮೂರು ರಾಶಿ, ಮೂರು ಜನ ವಿಜೇತರು. ಅಭ್ಯಾಸಕ್ಕೆಂದು ಎಲೆ ಜೋಡಿಸಿ ಕುಳಿತಿದ್ದರೂ ಇಷ್ಟು ಒಳ್ಳೆಯ ಉದಾಹರಣೆ ಸಿಗುತ್ತಿರಲಿಲ್ಲ.

ನಾವು ಹಂಚಿದ್ದು ಹೀಗೆ. ಕೊನೆಯವರೆಗೆ ಉಳಿದವರು ನಾಲ್ವರು, ಆದ್ದರಿಂದ ಅತ್ತಿಗೆಗೆ ನಾಲ್ಕು ಸಲ 150, ಅಂದರೆ 600. ಅದರ ಮೇಲಿನ 250ರಂತೆ ಮೂವರದು ಸೇರಿ ಭಾವನವರಿಗೆ 750. ಅದಕ್ಕೂ ಮೇಲಿನ 500ರಂತೆ ಅಣ್ಣನದೂ ನನ್ನದೂ ಸೇರಿ ಅಣ್ಣನಿಗೆ 1,000. ಎಲ್ಲ ಹಂಚಿ ಮುಗಿದ ಮೇಲೆ ಮೇಜಿನ ನಡುವೆ ಎರಡು ಹಸಿರು, ಎರಡು ಕೆಂಪು ಬಿಲ್ಲೆಗಳು, ಒಟ್ಟು 60, ಯಾರಿಗೂ ಸೇರದೆ ಉಳಿದಿದ್ದವು.

ಎಂದಿನಂತೆ ಮೊದಲು ಬಿಲ್ಲೆಗಳನ್ನೇ ಅನುಮಾನಿಸಿ ಎರಡು ಸಲ ಎಣಿಸಿದೆವು. ಅಣ್ಣ ಕಾಗದ ತೆಗೆದುಕೊಂಡು ಒಂದು ಮಾತು ಹೇಳಿದ: ಹಸಿರನ್ನು ಕಪ್ಪೆಂದು ಎಣಿಸಿದ್ದರೆ ಒಂದೊಂದು ಬಿಲ್ಲೆಗೂ 75ರ ವ್ಯತ್ಯಾಸ ಬರಬೇಕು, ಎಷ್ಟೇ ಬಿಲ್ಲೆ ತಪ್ಪಿದ್ದರೂ 60 ಬರಲು ಸಾಧ್ಯವಿಲ್ಲ. ಮೂರು ವಾರಗಳಲ್ಲಿ ಮೊದಲ ಬಾರಿಗೆ, ತಪ್ಪು ಬಣ್ಣದಲ್ಲಿಲ್ಲ, ಹಂಚುವ ರೀತಿಯಲ್ಲಿದೆ ಎಂಬುದು ಖಚಿತವಾಯಿತು. ಆದರೂ ಎಲ್ಲಿ ಎಂಬುದು ಹೊಳೆಯಲಿಲ್ಲ. ದೊಡ್ಡ ರಾಶಿ ಗೆದ್ದವನಿಗೆ ಹೋಗಲಿ ಎಂದು ಅಣ್ಣ, ಮುಂದಿನ ಕೈಗೆ ಸೇರಿಸೋಣ ಎಂದು ಭಾವ.

ಅಷ್ಟರಲ್ಲಿ ಅಕ್ಕ ಕಾಫಿ ಲೋಟಗಳನ್ನು ಹಿಡಿದು ಒಳಗಿನಿಂದ ಬಂದಳು. “ನಾನು ಎಲೆ ತಾನೇ ಬಿಟ್ಟಿದ್ದು, ಕಟ್ಟಿದ್ದನ್ನು ವಾಪಸ್ ತೆಗೆದುಕೊಂಡೆನೇನೋ? ನನ್ನ 60 ಯಾರಿಗೆ ಕೊಟ್ಟಿರಿ?” ಎಂದು ನನ್ನನ್ನು ಕೇಳಿದಳು.

ಉತ್ತರ ಆ ಪ್ರಶ್ನೆಯಲ್ಲಿಯೇ ಇತ್ತು. ರಾಶಿಯನ್ನು ಗೆಲ್ಲುವ ಹಕ್ಕು ಕೈ ಬಿಡದವರಿಗೆ ಮಾತ್ರ ಇರುತ್ತದೆ ಎಂಬುದು ಸರಿ. ಆದರೆ ರಾಶಿ ಬೆಳೆಯುವುದು ಕೈ ಬಿಟ್ಟವರ ಬಿಲ್ಲೆಗಳಿಂದಲೂ. ಈ ಎರಡು ಎಣಿಕೆಗಳನ್ನು ನಾವು ಒಂದೇ ಎಂದುಕೊಂಡು, ಉಳಿದವರ ಸಂಖ್ಯೆಯಿಂದ ಗುಣಿಸುತ್ತ ಬಂದಿದ್ದೆವು. ಯಾರೂ ನಡುವೆ ಪ್ಯಾಕ್ ಮಾಡದ ಕೈಗಳಲ್ಲಿ ಲೆಕ್ಕ ಸರಿಹೋಗುತ್ತಿದ್ದುದರಿಂದಲೇ ಈ ದೋಷ ಇಷ್ಟು ದಿನ ಅಡಗಿತ್ತು. ಅಕ್ಕನ 60 ಅತ್ತಿಗೆಯ 150ಕ್ಕಿಂತ ಕಡಿಮೆ, ಆದ್ದರಿಂದ ಅದು ಪೂರ್ತಿಯಾಗಿ ಮೇನ್ ಪಾಟ್‌ಗೆ, ಅಂದರೆ ಮೊದಲ ರಾಶಿಗೆ ಸೇರಬೇಕು. ಅತ್ತಿಗೆಗೆ 600 ಅಲ್ಲ, 660. ಮೂರೂ ಸೇರಿ 2,410, ಕಟ್ಟಿದ್ದೂ ಅಷ್ಟೇ.

ಈಗ ಗುಣಾಕಾರವನ್ನೇ ಬಿಟ್ಟಿದ್ದೇವೆ. ಮೇಜಿನ ನಡುವೆ ಮೂರು ಸ್ಟೀಲ್ ತಟ್ಟೆಗಳನ್ನಿಡುತ್ತೇವೆ. ಯಾರಾದರೂ ಆಲ್ ಇನ್ ಆದರೆ, ಆ ಸುತ್ತಿನ ಕಟ್ಟುವಿಕೆ ಮುಗಿದ ಕೂಡಲೇ, ಎಲ್ಲಕ್ಕಿಂತ ಸಣ್ಣ ಆಲ್ ಇನ್ ಎಷ್ಟೋ ಅಷ್ಟನ್ನು ಪ್ರತಿಯೊಬ್ಬರ ಮುಂದಿನಿಂದ ಮೊದಲ ತಟ್ಟೆಗೆ ಹಾಕುವುದು. ಅಷ್ಟಿಲ್ಲದವರು ಎಷ್ಟಿದೆಯೋ ಅಷ್ಟನ್ನು ಕೊಡುವುದು, ಅವರು ಆಟದಲ್ಲಿರಲಿ ಬಿಡಲಿ. ಮಿಕ್ಕದ್ದರಲ್ಲಿ ಮುಂದಿನ ಸಣ್ಣ ಆಲ್ ಇನ್‌ವರೆಗಿನದು ಎರಡನೆಯ ತಟ್ಟೆಗೆ. ಹಂಚುವಾಗ ಕೊನೆಯ ತಟ್ಟೆಯಿಂದ ಆರಂಭಿಸಿ ಹಿಂದಕ್ಕೆ ಬರುತ್ತೇವೆ. ಹೀಗೆ ಮಾಡಿದರೆ, ಮೊದಲೇ ಗೆದ್ದವರ ಬಿಲ್ಲೆಗಳು ಉಳಿದ ರಾಶಿಯೊಂದಿಗೆ ಬೆರೆಯುವುದಿಲ್ಲ.

ತಟ್ಟೆಗಳನ್ನು ನೋಡುತ್ತಿದ್ದ ಅತ್ತಿಗೆಗೆ ಮೈಸೂರಿನ ಗಂಜೀಫಾ ಎಂಬ ಹಳೆಯ ಎಲೆಯಾಟ ನೆನಪಾಯಿತು. ಮುಂದಿನ ಕೆಲಸ ಅದೇ ಎಂದು ಆಗಲೇ ನಿರ್ಧಾರವಾಗಿದೆ. ದಶಾವತಾರ ಗಂಜೀಫಾದಲ್ಲಿ ಹತ್ತು ಅವತಾರಗಳಿಗೆ ಹನ್ನೆರಡರಂತೆ 120 ದುಂಡನೆಯ ಎಲೆಗಳು, ಪ್ರತಿಯೊಂದರಲ್ಲೂ ರಾಜ, ಮಂತ್ರಿ ಮತ್ತು ಒಂದರಿಂದ ಹತ್ತರವರೆಗಿನ ಅಂಕಿಗಳು. ಅದರಲ್ಲೂ ಐದು ಅವತಾರಗಳಲ್ಲಿ ಅಂಕಿಗಳ ಹಿರಿತನ ತಲೆಕೆಳಗು, ಒಂದೇ ದೊಡ್ಡದು, ಹತ್ತು ಚಿಕ್ಕದು. ಮುಮ್ಮಡಿ ಕೃಷ್ಣರಾಜ ಒಡೆಯರು ಅಷ್ಟೊಂದು ಆಸಕ್ತಿಯಿಂದ ಬೆಳೆಸಿದ ಆಟವನ್ನು ಮೈಸೂರಿನಲ್ಲಿ ಓದಿದ ನಾನು ಒಮ್ಮೆಯೂ ಆಡಿಲ್ಲ. ದಪ್ಪ ರಟ್ಟಿನಲ್ಲಿ ಎಲೆ ಕತ್ತರಿಸುವ ಕೆಲಸವನ್ನು ಅತ್ತಿಗೆ ವಹಿಸಿಕೊಂಡಿದ್ದಾರೆ, ಚಿತ್ರಗಳನ್ನು ಅಕ್ಕ.

ಮಲಗುವ ಮುನ್ನ ಅದೇ ಕೈಯನ್ನು ಮತ್ತೊಮ್ಮೆ ಜೋಡಿಸಿ, ಈ ಸಲ ಅಕ್ಕ 200 ಕಟ್ಟಿದ ಮೇಲೆ ಬಿಟ್ಟಳೆಂದು ಭಾವಿಸಿ ತಟ್ಟೆಗಳಿಗೆ ಸುರಿದೆವು. ಅವಳ 150 ಮೊದಲನೆಯದಕ್ಕೆ ಹೋಯಿತು, 50 ಎರಡನೆಯದಕ್ಕೆ. ಮೊದಲನೆಯದರಲ್ಲಿ 750, ಎರಡನೆಯದರಲ್ಲಿ 800, ಮೂರನೆಯದರಲ್ಲಿ 1,000. ಭಾವನವರು ಬಿಲ್ಲೆಗಳನ್ನು ಒಂದೊಂದಾಗಿ ದೀಪದ ಹತ್ತಿರ ಹಿಡಿದು ಎಣಿಸಿ, “2,550, ಸರಿಯಾಗಿದೆ” ಎಂದರು. ಮೇಜಿನ ಮೇಲೆ ಒಂದು ಬಿಲ್ಲೆಯೂ ಉಳಿದಿರಲಿಲ್ಲ.