ಕಾರ್ತಿಕಕ್ಕೂ ಉಳಿಯೋ ನೀಲಿ

ದಸರಾ ಮುಗಿದ ಮ್ಯಾಲೂ ರಾಯಚೂರಿನ ಅಂಗಳದಾಗ ನೀಲಿ ಹೂ ಬೇಕಂದ್ರ ನೀಲಿ ಪ್ಲಂಬಾಗೊ (ನೀಲಿ ಚಿತ್ರಮೂಲ) ಗಿಡ ಹಚ್ಚ್ರಿ. ಹೂ ಬಿಡೋದು ಹೊಸ ಚಿಗುರಿನ ತುದಿಗೆ. ಅದಕ್ಕ ಶ್ರಾವಣದಾಗ ಮೂರರಾಗ ಒಂದು ಪಾಲು ಕತ್ತರಿಸ್ರಿ, ಕನಿಕರ ಬ್ಯಾಡ.

ಎರಿಮಣ್ಣಾಗ ನೀರು ನಿಂತ್ರ ಬೇರು ಕೊಳಿತದ. ಎರಡು ಪುಟ್ಟಿ ಮಣ್ಣಿಗೆ ಒಂದೊಂದು ಪುಟ್ಟಿ ಮರಳು, ತಿಪ್ಪಿಗೊಬ್ಬರ ಕಲಸಿ, ಅರ್ಧ ಅಡಿ ಏರಿ ಮಾಡಿ ಹಚ್ಚ್ರಿ. ಚಿಗುರೆಲೆ ಹಳದಿಯಾಗಿ ನರ ಅಷ್ಟೇ ಹಸಿರಿದ್ರ, ಸುಣ್ಣದ ಮಣ್ಣು ಕಬ್ಬಿಣ ಬಿಟ್ಟುಕೊಡವಲ್ದು ಅಂತ ತಿಳೀರಿ. ಲೀಟರ್ ನೀರಿಗೆ 5 ಗ್ರಾಂ ಫೆರಸ್ ಸಲ್ಫೇಟ್, 1 ಗ್ರಾಂ ನಿಂಬೆಉಪ್ಪು (ಸಿಟ್ರಿಕ್ ಆಮ್ಲ) ಕರಗಿಸಿ ಸಂಜೀಕ ಸಿಂಪಡಿಸ್ರಿ.

ಯೂರಿಯಾ ಸುರಿದ್ರ ಬರೇ ಎಲಿ!

ನೀಲಿ ಬಣ್ಣದ ಗತ್ತು ನೋಡ್ರಿ: ಮಟಮಟ ಮಧ್ಯಾಹ್ನ ಬಿಳಿಚಿಕೊಂಡಿರತದ, ಹೊತ್ತು ಮುಳುಗುವಾಗ ಅದೇ ಗೊಂಚಲು ಎದ್ದು ಕಾಣ್ತದ. ಕೀಳುವಾಗ ಹೂವಿನ ಬುಡ ಬೆರಳಿಗೆ ಅಂಟ್ತದ, ರೋಗಲ್ಲ ಅದು.